ಮಸೂರಿಯನ್ ಭಾಷೆಯ ‘ಹೋಗು’: ಒಂದೇ ಕ್ರಿಯಾಪದಕ್ಕೆ ಇಷ್ಟೊಂದು ಅರ್ಥನಾ?

ಎರಡನೇ ಬೆಂಚು

ಎಲ್ಲರಿಗೂ ನಮಸ್ಕಾರ. ನನಗೆ ಪೋಲಿಷ್ ಸುಮಾರಾಗಿ ಬರುತ್ತೆ. ಪೇಪರ್ ಓದ್ತೀನಿ, ಸುದ್ದಿ ಕೇಳಿದರೆ ಮುಕ್ಕಾಲು ಪಾಲು ಅರ್ಥವಾಗುತ್ತೆ. ಈಗ ಸ್ವಲ್ಪ ಹುಚ್ಚು ಜಾಸ್ತಿಯಾಗಿ ಮಸೂರಿಯನ್ ಮಾತಿನ ಹಿಂದೆ ಬಿದ್ದಿದ್ದೇನೆ. ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ: ಪೋಲೆಂಡಿನ ಈಶಾನ್ಯ ಮೂಲೆಯಲ್ಲಿ ಕೆರೆ, ಕಾಡು ತುಂಬಿದ ನಾಡು ಮಸೂರಿಯಾ. 1945ರವರೆಗೆ ಅದು ಜರ್ಮನಿಯ ಪೂರ್ವ ಪ್ರಷ್ಯಾದಲ್ಲಿತ್ತು. ಅಲ್ಲಿನ ಹಳ್ಳಿಯವರು ಆಡುತ್ತಿದ್ದದ್ದು ಪೋಲಿಷ್‌ಗೆ ತೀರಾ ಹತ್ತಿರದ ಮಾತು. ಅದು ಉಪಭಾಷೆನಾ, ಬೇರೆ ಭಾಷೆನಾ ಅನ್ನೋ ಜಗಳ ಇನ್ನೂ ಮುಗಿದಿಲ್ಲ. ದಯವಿಟ್ಟು ಇಲ್ಲಿ ಅದನ್ನು ಶುರು ಮಾಡಬೇಡಿ.

ನನ್ನ ತಲೆನೋವು ಒಂದೇ ಕ್ರಿಯಾಪದ. ಪೋಲಿಷ್‌ನಲ್ಲಿ ‘ಇಶ್ಚ್’ ಅಂದರೆ ನಡೆದುಕೊಂಡು ಹೋಗುವುದು ಅಂತ ಮೊದಲ ಪಾಠದಲ್ಲೇ ಬರುತ್ತೆ. ಅದರ ಜೋಡಿ ‘ಹೊಜಿಚ್’. ಮಸೂರಿಯನ್ ಕತೆ ಕೇಳುತ್ತಾ ಬರೆದುಕೊಳ್ಳೋಕೆ ಕೂತರೆ ಇವೆರಡೂ ಸಾಲು ಬಿಟ್ಟು ಸಾಲಿಗೆ ಬರುತ್ತವೆ, ಆದರೆ ಅರ್ಧದಷ್ಟು ಕಡೆ ಯಾರೂ ಎಲ್ಲಿಗೂ ಹೋಗ್ತಾನೇ ಇಲ್ಲ! ಮಳೆ ‘ಹೋಗುತ್ತೆ’, ಆದರೆ ಅಲ್ಲಿ ಮಳೆ ಬರ್ತಿದೆ. ಮೂಗಿನಿಂದ ರಕ್ತ ‘ಹೋಗುತ್ತೆ’. ಗಡಿಯಾರ ‘ನಡೆದಾಡುತ್ತೆ’. ಹೆಂಗಸೊಬ್ಬಳು ಹಸುಗಳ ‘ಸುತ್ತ ನಡೆದಾಡುತ್ತಾಳೆ’, ನೋಡಿದರೆ ಹಸು ಸಾಕುತ್ತಿದ್ದಾಳೆ ಅಂತ ಅರ್ಥವಂತೆ. ಇನ್ನೊಬ್ಬಳು ಒಬ್ಬನ ‘ಹಿಂದೆ ಹೊರಗೆ ಹೋದಳು’, ಅಂದರೆ ಅವನನ್ನು ಮದುವೆಯಾದಳು.

ಇದೆಲ್ಲ ಹೇಗೋ ಸಹಿಸಿಕೊಂಡೆ. ‘ಪೊಸ್ವಾ’ ಅನ್ನೋ ಪದ ಮಾತ್ರ ಜೀವ ತಿಂದಿತು. ಪೋಲಿಷ್ ನಿಘಂಟು ತೆಗೆದರೆ ‘ಪೊಸೆವ್’ ಅನ್ನೋ ನಾಮಪದಕ್ಕೆ ಕಳಿಸುತ್ತೆ. ಪೊಸೆವ್ ಅಂದರೆ ರಾಯಭಾರಿ, ಇವತ್ತಿನ ಬಳಕೆಯಲ್ಲಿ ಸಂಸತ್ ಸದಸ್ಯ. ಕತೆಯಲ್ಲಿರೋದು ಕೊಡ ಹಿಡಿದ ಮುದುಕಿ, ಬಾವಿ, ನೀರು. ಅಲ್ಲಿಗೆ ಸಂಸತ್ ಸದಸ್ಯ ಯಾಕೆ ಬಂದ?

ಗೊತ್ತಿರುವವರು ಹೇಳಿ. ಈ ಎಲ್ಲ ಅರ್ಥಗಳನ್ನು ಸುಮ್ನೆ ಬಾಯಿಪಾಠ ಮಾಡಬೇಕಾ, ಇಲ್ಲಾ ಒಳಗೆ ಏನಾದರೂ ಲೆಕ್ಕಾಚಾರ ಇದೆಯಾ?

ಧಾತುಚೀಲ

ಮೊದಲು ನಿಮ್ಮ ಸಂಸತ್ ಸದಸ್ಯನನ್ನು ಮನೆಗೆ ಕಳಿಸೋಣ.

ಮಸೂರಿಯನ್ ಮಾತಿನಲ್ಲಿ ಪೋಲಿಷ್‌ನ ಕೆಲವು ಗಡಸು ಧ್ವನಿಗಳು ಮೆತ್ತಗಾಗುತ್ತವೆ. ‘ಷ’ ಇದ್ದಲ್ಲಿ ‘ಸ’, ‘ಚ’ ಇದ್ದಲ್ಲಿ ‘ತ್ಸ’, ‘ಝ’ ತರಹದ್ದು ಇದ್ದಲ್ಲಿ ಹಗುರವಾದ ‘ಜ’. ಇದಕ್ಕೆ ಪೋಲಿಷ್ ವ್ಯಾಕರಣದವರು ‘ಮಜುರ್ಜೆನ್ಯೆ’ ಅಂತಲೇ ಹೆಸರಿಟ್ಟಿದ್ದಾರೆ. ಹೆಸರು ಹಾಗಿದ್ದರೂ ಇದು ಮಸೂರಿಯಾದಲ್ಲಿ ಮಾತ್ರ ಇರೋದಲ್ಲ, ಪೋಲೆಂಡಿನ ಬೇರೆ ಎಷ್ಟೋ ಕಡೆ ಹಳ್ಳಿ ಮಾತಿನಲ್ಲಿ ಕೇಳುತ್ತೆ. ಹಾಗಾಗಿ ಪುಸ್ತಕದ ಪೋಲಿಷ್‌ನಲ್ಲಿ ‘ಅವಳು ಹೋದಳು’ ಅನ್ನೋದು ‘ಪೊಷ್ವಾ’, ಮಸೂರಿಯನ್ ಬಾಯಲ್ಲಿ ‘ಪೊಸ್ವಾ’. ‘ಅವನು ಹೋದ’ ಅನ್ನೋ ಪೊಷೆದ್ ಆಗೋದು ‘ಪೊಸೆದ್’. ‘ಅವರು ಹೋದರು’, ಪೊಷ್ಲಿ ಇದ್ದದ್ದು ಪೊಸ್ಲಿ. ನಿಮ್ಮ ಮುದುಕಿ ನೀರಿಗೆ ಹೋದಳು, ಅಷ್ಟೇ. ನಿಘಂಟಿಗೆ ಏನು ಗೊತ್ತು, ಅದು ತನ್ನಲ್ಲಿರೋ ಅಕ್ಷರ ನೋಡಿ ರಾಯಭಾರಿಯನ್ನು ಕಳಿಸಿತು.

ಇಲ್ಲೊಂದು ಸೂಕ್ಷ್ಮ ಇದೆ, ಗಮನಿಸಿ. ‘ಅವನು ಬಂದ’ ಅನ್ನೋಕೆ ಪುಸ್ತಕದ ಪೋಲಿಷ್ ‘ಪ್ಷಿಷೆದ್’. ಕಿವಿಗೆ ಇದರಲ್ಲಿ ಎರಡು ಷಕಾರ ಕೇಳುತ್ತೆ. ಮಸೂರಿಯನ್‌ನಲ್ಲಿ ಎರಡನೆಯದು ಮಾತ್ರ ಸಕಾರವಾಗುತ್ತೆ: ‘ಪ್ಷಿಸೆದ್’. ಮೊದಲನೆಯದು ಹಾಗೇ ಉಳಿಯುತ್ತೆ, ಯಾಕೆಂದರೆ ಅದು ಹಳೇ ಕಾಲದಲ್ಲಿ ರಕಾರ ಆಗಿತ್ತು, ಆಮೇಲೆ ಸವೆದು ಷ ಆಯಿತು. ಬರವಣಿಗೆಯಲ್ಲಿ ಈಗಲೂ ಆರ್ ಮತ್ತು ಜ಼ೆಡ್ ಅಕ್ಷರ ಜೋಡಿಸಿಯೇ ಬರೀತಾರೆ. ಕಿವಿಗೆ ಒಂದೇ ತರ ಕೇಳಿಸೋ ಎರಡು ಧ್ವನಿಯಲ್ಲಿ ಒಂದು ಬದಲಾಗಿ ಇನ್ನೊಂದು ಉಳಿಯೋದು ನೋಡಿದಾಗ ನನಗಂತೂ ರೋಮಾಂಚನ ಆಗುತ್ತೆ. ನಿಮಗೆ ಆಗದಿದ್ದರೆ ಪರವಾಗಿಲ್ಲ.

ಇನ್ನು ಅರ್ಥದ ವಿಷಯ. ನೀವು ಎರಡು ಕ್ರಿಯಾಪದ ಅಂದಿರಿ. ನಿಜವಾಗಿ ಮೂರು ಅಂತ ಎಣಿಸಿದರೆ ಲೆಕ್ಕ ಸುಲಭ.

‘ಇಶ್ಚ್’ ಅಂದರೆ ಈಗ, ಒಂದು ದಿಕ್ಕಿಗೆ, ಹೊರಟು ಸಾಗುತ್ತಿರೋದು. ‘ಹೊಜಿಚ್’ ಅಂದರೆ ಮತ್ತೆ ಮತ್ತೆ ಹೋಗೋದು, ಹೋಗಿ ಬರ್ತಾ ಇರೋದು, ಗುರಿ ಇಲ್ಲದೆ ಓಡಾಡೋದು. ‘ಪುಯ್ಶ್ಚ್’ ಅಂದರೆ ಹೊರಟು ಹೋದದ್ದು, ಕೆಲಸ ಮುಗಿದದ್ದು. ಪೊಸ್ವಾ, ಪೊಸೆದ್ ಎಲ್ಲ ಇದರ ರೂಪಗಳೇ. ಭಾನುವಾರ ದಾರಿಯಲ್ಲಿ ಸಿಕ್ಕವನು ಚರ್ಚಿಗೆ ‘ಇಜ್ಯೆ’, ಅಂದರೆ ಹೋಗ್ತಾ ಇದ್ದಾನೆ. ವಾರ ವಾರ ಹೋಗುವವನು ಚರ್ಚಿಗೆ ‘ಹೊಜಿ’. ಮನೆಗೆ ಹೋಗಿ ಕೇಳಿದರೆ ಹೆಂಡತಿ ‘ಪೊಸೆದ್’ ಅಂತಾಳೆ, ಹೋದರು, ಈಗ ಇಲ್ಲಿಲ್ಲ.

ಈ ಮೂರನ್ನು ಇಟ್ಟುಕೊಂಡು ನಿಮ್ಮ ಪಟ್ಟಿ ನೋಡಿ. ಗಡಿಯಾರ ದಿನವೂ ತಿರುಗಿದ್ದೇ ತಿರುಗೋದು, ಅದಕ್ಕೇ ಅದು ‘ಹೊಜಿ’. ಹಸು ಸಾಕೋದು ಒಂದು ದಿನದ ಕೆಲಸ ಅಲ್ಲ, ಬೆಳಗ್ಗೆ ಸಂಜೆ ಕೊಟ್ಟಿಗೆ ಸುತ್ತ ಓಡಾಡೋದೇ, ಅದೂ ‘ಹೊಜಿ’. ಕಪ್ಪು ಬಟ್ಟೆ ಹಾಕಿಕೊಂಡು ಓಡಾಡೋಳು, ಅಂದರೆ ಸೂತಕದಲ್ಲಿರೋಳು, ಕಪ್ಪಿನಲ್ಲಿ ‘ಹೊಜಿ’. ಹುಡುಗ ಹುಡುಗಿ ಜೊತೆಗೆ ‘ಹೊಜಿ’ ಅಂದರೆ ಏನು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಮಳೆ, ವಸಂತ, ಮೂಗಿನ ರಕ್ತ ಇವೆಲ್ಲ ಈಗ, ಕಣ್ಣ ಮುಂದೆ, ಒಂದು ಕಡೆಯಿಂದ ಹೊರಟು ಬರ್ತಿರೋವು. ಅವು ‘ಇಜ್ಯೆ’. ದುಡ್ಡು ಖರ್ಚಾಗಿ ಹೋಯಿತಾ, ಅದು ‘ಪುಯ್ಶ್ಚ್’ ಕಡೆಗೆ.

ಇನ್ನೊಂದು ಮಜಾ. ‘ಇಶ್ಚ್’ ಕ್ರಿಯಾಪದಕ್ಕೆ ತನ್ನದೇ ಭೂತಕಾಲ ಇಲ್ಲ. ಷೆದ್, ಷ್ವಾ (ಮಸೂರಿಯನ್‌ನಲ್ಲಿ ಸೆದ್, ಸ್ವಾ) ಇವು ಮೂಲದಲ್ಲಿ ‘ಹೊಜಿಚ್’ ಮನೆತನದವು. ಒಂದೇ ಧಾತು ಒಂದು ಕಡೆ ‘ಹೊದ್’ ಆಗಿ ಇನ್ನೊಂದು ಕಡೆ ‘ಷೆದ್’ ಆಗಿದೆ. ಇಶ್ಚ್ ತನ್ನ ಭೂತಕಾಲವನ್ನು ಪಕ್ಕದ ಮನೆಯಿಂದ ಎರವಲು ತಂದುಕೊಂಡಿದೆ. ಅದಕ್ಕೇ ಎರಡರ ಅರ್ಥಗಳೂ ಅಷ್ಟೊಂದು ಕಲಸಿಕೊಂಡಿರೋದು.

ಗೊಣಗೇಶ

ಇಷ್ಟು ಉದ್ದ ಯಾಕೆ ಸ್ವಾಮಿ. ಜರ್ಮನ್ ಭಾಷೆಯ ‘ಗೇಯೆನ್’ ನೋಡಿ. ಗಡಿಯಾರ ಗೇಯ್ಟ್, ವ್ಯವಹಾರ ಗೇಯ್ಟ್, ‘ಹೇಗಿದ್ದೀರಿ’ ಅನ್ನೋದಕ್ಕೂ ‘ವಿ ಗೇಟ್ಸ್’. ಮಸೂರಿಯಾದವರು ನೂರಾರು ವರ್ಷ ಪ್ರಷ್ಯಾದ ಆಳ್ವಿಕೆಯಲ್ಲಿದ್ದವರು. ಎಲ್ಲ ಜರ್ಮನ್‌ನಿಂದ ಎತ್ತಿಕೊಂಡದ್ದು. ಮುಗೀತು.

ಹಳೇನಕ್ಷೆ

ಗೊಣಗೇಶ ಅವರೇ, ಮುಗಿದಿಲ್ಲ.

ರಷ್ಯನ್ ನೋಡಿ. ಮಳೆ ಬರ್ತಿದೆ ಅನ್ನೋಕೆ ‘ಇದ್ಯೋತ್ ದೋಷ್ದ್’, ಮಳೆ ಹೋಗುತ್ತಿದೆ. ಗಡಿಯಾರ ನಡೀತಿದೆ ಅನ್ನೋಕೆ ‘ಚಸೀ ಇದೂತ್’. ಅಲ್ಲಿ ಯಾವ ಪ್ರಷ್ಯಾದ ಮೇಷ್ಟ್ರು ಹೋಗಿ ಪಾಠ ಮಾಡಿದ್ದರು? ಜೆಕ್ ಭಾಷೆಯಲ್ಲಿ ‘ಏನು ವಿಷಯ’ ಅನ್ನೋಕೆ ‘ಒ ತ್ಸೊ ಯ್ದೆ’, ಪೋಲಿಷ್‌ನಲ್ಲಿ ‘ಒ ತ್ಸೊ ಹೊಜಿ’. ಅಕ್ಷರಶಃ ‘ಯಾವುದರ ಬಗ್ಗೆ ನಡೆಯುತ್ತಿದೆ’. ಸ್ಲಾವಿಕ್ ಭಾಷೆಗಳಿಗೆಲ್ಲ ಇದು ಮನೆ ಆಸ್ತಿ. ಜರ್ಮನ್‌ಗೂ ಅದೇ ಬುದ್ಧಿ ಇದೆ ಅಂದಮಾತ್ರಕ್ಕೆ ಕದ್ದದ್ದು ಅಂತಾಗಲ್ಲ.

ಒಂದು ಅರ್ಥ ಮಾತ್ರ ನಿಮಗೆ ಬಿಟ್ಟುಕೊಡ್ತೀನಿ. ‘ಆಗುತ್ತೆ, ಆಗಲ್ಲ’ ಅನ್ನೋ ಅರ್ಥದಲ್ಲಿ ‘ಇಜ್ಯೆ, ನ್ಯೆ ಇಜ್ಯೆ’ ಬಳಸೋದು. ಬಾಗಿಲು ತೆಗೆಯೋಕೆ ‘ಹೋಗಲ್ಲ’, ಅಂದರೆ ತೆಗೆಯೋಕೆ ಆಗಲ್ಲ. ಇದು ಜರ್ಮನ್‌ನ ‘ಗೇಯ್ಟ್ ನಿಷ್ಟ್’ ವಾಸನೆ ಹೊಡೆಯುತ್ತೆ. ಸೈಲೀಷ್ಯಾ ಕಡೆ, ಅಂದರೆ ಹಿಂದೆ ಪ್ರಷ್ಯಾ ಆಳಿದ ಇನ್ನೊಂದು ಸೀಮೆಯಲ್ಲಿ, ಇದು ದಿನಬಳಕೆಯ ಮಾತು.

ಶಾಲೆಯ ವಿಷಯಕ್ಕೆ ಬಂದರೆ, ಇಸವಿ ನೆನಪಿಟ್ಟುಕೊಳ್ಳೋದು ಒಳ್ಳೇದು. 1873ರಲ್ಲಿ ಪ್ರಷ್ಯಾ ಸರ್ಕಾರ ಪೂರ್ವ ಪ್ರಷ್ಯಾದ ಶಾಲೆಗಳಲ್ಲಿ ಪಾಠ ಜರ್ಮನ್‌ನಲ್ಲೇ ಆಗಬೇಕು ಅಂತ ಆದೇಶ ಹೊರಡಿಸಿತು. ಸಣ್ಣ ತರಗತಿಯ ಧರ್ಮದ ಪಾಠಕ್ಕೆ ಮಾತ್ರ ಸ್ವಲ್ಪ ರಿಯಾಯಿತಿ. ಅದಕ್ಕೆ ಮುಂಚೆ ಹಳ್ಳಿಯ ಮಕ್ಕಳು ತಮ್ಮ ಮಾತಿನಲ್ಲೇ ಓದು ಕಲಿಯಬಹುದಿತ್ತು. ಜರ್ಮನ್ ಜೋರಾಗಿ ನುಗ್ಗಿದ್ದು ಆಮೇಲೆ. ಮಳೆ ‘ಹೋಗೋದು’ ಅದಕ್ಕಿಂತ ಎಷ್ಟೋ ಹಳೆಯದು.

ಮಸೂರಿಯಾದವರು ಲೂಥರನ್ನರು, ಪಕ್ಕದ ವಾರ್ಮಿಯಾದವರು ಕ್ಯಾಥೊಲಿಕರು. ಇದನ್ನು ಯಾಕೆ ಹೇಳಿದೆ ಅಂದರೆ, ಶಾಲೆಯಲ್ಲಿ ಜಾಗ ಕಳಕೊಂಡ ಮಾತು ಪ್ರಾರ್ಥನೆಯಲ್ಲಿ ಉಳಿಯಿತು. ‘ಗ್ರೊಮಾಡ್ಕಿ’ ಅಂತ ಇದ್ದವು, ಮನೆಮನೆಯಲ್ಲಿ ಸೇರಿ ಪೋಲಿಷ್ ಪ್ರಾರ್ಥನಾ ಗೀತೆ ಹಾಡೋ ಭಕ್ತರ ಗುಂಪುಗಳು. ಜನ ಸೇರಿದರು ಅನ್ನೋಕೂ ಇದೇ ಕ್ರಿಯಾಪದ ಬೇಕು: ‘ಜೆಷ್ಲಿ ಶ್ಯೆ’, ಮಸೂರಿಯನ್‌ನಲ್ಲಿ ‘ಜೆಸ್ಲಿ’. ಚದುರಿದರು ಅನ್ನೋಕೆ ‘ರೊಜೆಷ್ಲಿ ಶ್ಯೆ’, ಗಂಡ ಹೆಂಡತಿ ಬೇರೆಯಾದರು ಅನ್ನೋಕೂ ಅದೇ. ಮುಂದೆ ಒಂದು ಉಪಸರ್ಗ ಅಂಟಿಸಿದರೆ ಸಾಕು, ಹೋಗೋದು ಸೇರೋದಾಗುತ್ತೆ, ಇನ್ನೊಂದು ಅಂಟಿಸಿದರೆ ಒಡೆಯೋದಾಗುತ್ತೆ.

ಹಾಗೇ ಇನ್ನೊಂದೆರಡು. ಸೂರ್ಯ ಮುಳುಗಿದ: ‘ಜಾಷ್ವೊ’, ಅಂದರೆ ಆಚೆಗೆ ಹೋದ. ಹುಟ್ಟಿದ: ‘ವ್ಜೆಷ್ವೊ’, ಮೇಲಕ್ಕೆ ಹೋದ. ಬಿತ್ತಿದ ಪೈರು ಮೊಳಕೆ ಒಡೆದು ಮಣ್ಣಿನಿಂದ ಮೇಲೆ ಬಂದರೂ ‘ವ್ಜೆಷ್ವೊ’. ಸೂರ್ಯನಿಗೂ ಪೈರಿಗೂ ಒಂದೇ ಕ್ರಿಯಾಪದ. ಇದರಲ್ಲಿ ಜರ್ಮನ್ ಹುಡುಕಿ ನೋಡೋಣ.

ಗೊಣಗೇಶ

ಜರ್ಮನ್‌ನಲ್ಲೂ ಸೂರ್ಯ ‘ಔಫ್‌ಗೇಯ್ಟ್’, ಮೇಲಕ್ಕೆ ಹೋಗುತ್ತಾನೆ. ಬೀಜವೂ ‘ಔಫ್‌ಗೇಯ್ಟ್’. ಹುಡುಕಿ ಅಂದಿರಿ, ಹುಡುಕಿದೆ 🙂 ಆದರೆ ರಷ್ಯನ್ ಮಳೆ ವಿಷಯ ಒಪ್ಪಿದೆ.

ಸುಮ್ನೆಓದುಗ

ನನಗೆ ಪೋಲಿಷ್ ಒಂದಕ್ಷರ ಬರಲ್ಲ, ಸುಮ್ನೆ ಓದ್ತಾ ಇದ್ದೆ. ಒಂದು ಮಾತು ಹೇಳಲಾ? ನೀವೆಲ್ಲ ಇದನ್ನು ‘ಹೋಗು’ ಅಂತ ಕನ್ನಡಕ್ಕೆ ತರ್ತಾ ಇದ್ದೀರಿ, ಅದಕ್ಕೇ ವಿಚಿತ್ರವಾಗಿ ಕಾಣ್ತಿದೆ ಅನ್ಸುತ್ತೆ. ‘ನಡೆ’ ಅಂತ ಇಟ್ಟು ನೋಡಿ.

ಗಡಿಯಾರ ನಡೀತಿದೆ. ವ್ಯಾಪಾರ ನಡೀತಿದೆ. ಸಂಸಾರ ಹೇಗೋ ನಡೀತಿದೆ. ಅಲ್ಲೇನು ನಡೀತಿದೆ? ಹಾಗೆಲ್ಲ ಇಲ್ಲಿ ನಡೆಯಲ್ಲ! ‘ಈ ನೋಟು ನಡೆಯುತ್ತಾ’ ಅಂತಲೂ ಕೇಳ್ತೀವಿ. ನಮ್ಮಲ್ಲೂ ಕಾಲಿನ ಕ್ರಿಯಾಪದವೇ ಆಗೋದು, ಸಾಗೋದು, ಒಪ್ಪಿಗೆಯಾಗೋದು ಎಲ್ಲದಕ್ಕೂ ದುಡೀತಿದೆ. ನಡವಳಿಕೆ, ನಡತೆ, ನಡಾವಳಿ ಇವೂ ಅದರ ಮಕ್ಕಳೇ. ‘ಆಗಲ್ಲ’ ಅನ್ನೋ ಅರ್ಥ ಜರ್ಮನ್‌ನಿಂದ ಬಂತು ಅಂತ ಹಳೇನಕ್ಷೆ ಅವರು ಅಂದರಲ್ಲ, ಇರಬಹುದು. ಆದರೆ ‘ನಡೆಯಲ್ಲ’ ಅನ್ನೋದು ಯಾವ ಜರ್ಮನ್ ಮೇಷ್ಟ್ರೂ ಹೇಳಿಕೊಡದೆ ನಮ್ಮ ಬಾಯಿಗೆ ಬಂದಿದೆ. ಸಾಲ ಪಡೆಯದೆಯೂ ಎರಡು ಭಾಷೆ ಒಂದೇ ದಾರಿ ಹಿಡಿಯಬಹುದಲ್ವಾ?

ಧಾತುಚೀಲ

ಸುಮ್ನೆಓದುಗ ಅವರೇ, ಸುಮ್ನೆ ಓದ್ತಾ ಇದ್ದವರು ಒಳ್ಳೇ ಕೆಲಸ ಮಾಡಿದಿರಿ. ‘ಹೊಜಿಚ್’ ಮಟ್ಟಿಗೆ ‘ನಡೆ’ ಮುಕ್ಕಾಲು ಪಾಲು ಕೂರುತ್ತೆ. ‘ಒ ತ್ಸೊ ಹೊಜಿ’ಗೆ ‘ಏನು ನಡೀತಿದೆ ಇಲ್ಲಿ’ ಅನ್ನೋದು ಎಷ್ಟೋ ಕಡೆ ಸಲೀಸಾಗಿ ಬರುತ್ತೆ.

ಆದರೆ ‘ಇಶ್ಚ್’ ಬೇರೆ ಜಾತಿ. ಅದಕ್ಕೆ ನಮ್ಮ ‘ಬರು’ ಜಾಸ್ತಿ ಹತ್ತಿರ. ಮಳೆ ಬರ್ತಿದೆ, ರಕ್ತ ಬರ್ತಿದೆ, ಬೇಸಿಗೆ ಬರ್ತಿದೆ. ಕ್ಲಾಸಿನಲ್ಲಿ ಗಲಾಟೆ ಮಾಡ್ತಿರೋ ಹುಡುಗರಲ್ಲಿ ಬಾಗಿಲ ಬಳಿ ಇರೋನು ‘ಇಜ್ಯೆ!’ ಅಂತ ಪಿಸುಗುಟ್ಟಿದರೆ ‘ಮೇಷ್ಟ್ರು ಬಂದ್ರು!’ ಅಂತ ಅರ್ಥ. ಕನ್ನಡದ ಹೋಗು, ಬರು ಎರಡೂ ಮಾತಾಡೋನು ಎಲ್ಲಿ ನಿಂತಿದ್ದಾನೆ ಅನ್ನೋದನ್ನು ನೋಡಿಕೊಂಡು ಬದಲಾಗುತ್ತವೆ. ಇಶ್ಚ್‌ಗೆ ಆ ಚಿಂತೆ ಇಲ್ಲ. ಯಾವುದೋ ಒಂದು ಸಾಗ್ತಾ ಇದೆ, ಅಷ್ಟೇ ಅದರ ಕೆಲಸ. ನನ್ನ ಕಡೆಗೋ, ನನ್ನಿಂದ ಆಚೆಗೋ ಅಂತ ಖಚಿತವಾಗಿ ಹೇಳಬೇಕಾದರೆ ಮುಂದೆ ಉಪಸರ್ಗ ಬೇಕು. ‘ಪ್ಷಿ’ ಸೇರಿಸಿದರೆ ಬಂದ, ‘ಒದ್’ ಸೇರಿಸಿದರೆ ಬಿಟ್ಟು ಹೋದ.

ಇದರ ಪರಮಾವಧಿ ಕೇಳಿ. ‘ಇಚ್’ ಅಂದರೆ ಹೋಗು. ಸರಿ, ಇಶ್ಚ್‌ನ ಆಜ್ಞಾರೂಪ. ಹೊಜಿಚ್‌ನ ಆಜ್ಞಾರೂಪ ‘ಹೊಚ್’ ಅಂದರೆ ಏನಿರಬೇಕು? ‘ಓಡಾಡು’ ಅಂತ ತಾನೇ? ಅಲ್ಲ, ‘ಬಾ’ ಅಂತ! ‘ಹೊಚ್ ತು’, ಇಲ್ಲಿ ಬಾ. ಹಳ್ಳಿ ಮಾತುಗಳಲ್ಲಿ ಇದೇ ಜಾಗದಲ್ಲಿ ‘ಪುಜ್’ ಅನ್ನೋ ರೂಪ ಕೇಳುತ್ತೆ, ಅದು ‘ಪುಯ್ಶ್ಚ್’ನಿಂದ ಸವೆದು ಬಂದದ್ದು. ಅಲ್ಲೂ ‘ಹೊರಟು ಹೋಗು’ ಅನ್ನೋ ಕ್ರಿಯಾಪದಕ್ಕೆ ‘ಬಾ’ ಅನ್ನೋ ಅರ್ಥ. ಕಲಿಯೋರು ಬಿದ್ದು ಒದ್ದಾಡೋ ಜಾಗ ಇದು. ‘ಹೊಚ್’ ಅಂತ ಕರೆದರೆ ಹೊರಟು ಹೋಗಬೇಡಿ!

ಇಲ್ಲಿ ನಿಮ್ಮ ‘ನಡೆ’ ಅರ್ಧ ಕೈ ಹಿಡಿಯುತ್ತೆ. ‘ನಡಿ, ಹೋಗೋಣ’ ಅಂತೀವಲ್ಲ, ಅದು ಸರಿಯಾಗಿ ‘ಹೊಚ್, ಇಜ್ಯೆಮಿ’. ಇಬ್ಬರೂ ಜೊತೆಗೆ ಹೊರಡೋ ಮಾತು. ‘ಇಲ್ಲಿ ನಡಿ’ ಅಂತ ಮಾತ್ರ ನಾವು ಯಾರನ್ನೂ ಕರೆಯಲ್ಲ.

ಸುಮ್ನೆ ಒಂದು ತಮಾಷೆ: ‘ನಾನು ಹೋಗ್ತಾ ಇದ್ದೇನೆ’ ಅನ್ನೋಕೆ ಪೋಲಿಷ್‌ನವರು ಮಾತಿನಲ್ಲಿ ಹೇಳೋದು ‘ಇದೆ’. ಕನ್ನಡದ ಕಿವಿಗೆ ಇದು ಎಂಥ ಹಿಂಸೆ ನೋಡಿ. ಹೊರಟು ನಿಂತೋನು ಬಾಗಿಲಲ್ಲಿ ‘ಇದೆ, ಇದೆ’ ಅಂತಿರ್ತಾನೆ.

ಎರಡನೇ ಬೆಂಚು

ಅಯ್ಯೋ ಧಾತುಚೀಲ ಸರ್, ‘ಇದೆ’ ಓದಿ ಒಬ್ಬನೇ ನಕ್ಕೆ. ಮುದುಕಿ ನೀರಿಗೆ ಹೋದಳು ಅಂತ ಗೊತ್ತಾಗಿ ಮನಸ್ಸು ಹಗುರಾಯಿತು. ಮತ್ತೆ ಹಳೆಯ ಟಿಪ್ಪಣಿ ತೆಗೆದು ನೋಡಿದೆ. ಇನ್ನೊಂದು ಕಡೆ ಯಾರೋ ‘ನಾ ಪ್ಸಿವೊ’ ಹೋಗ್ತಾರೆ. ಪೋಲಿಷ್‌ನಲ್ಲಿ ‘ಪ್ಸಿ’ ಅಂದರೆ ನಾಯಿಗೆ ಸಂಬಂಧಪಟ್ಟದ್ದು ತಾನೇ? ನಾಯಿ ವ್ಯಾಪಾರವಾ?

ಹಳೇನಕ್ಷೆ

ನಾಯಿ ಅಲ್ಲ, ಬಿಯರ್! ಪೋಲಿಷ್ ‘ಪಿವೊ’ ಮಸೂರಿಯನ್‌ನಲ್ಲಿ ‘ಪ್ಸಿವೊ’. ತುಟಿಯಲ್ಲಿ ಹುಟ್ಟೋ ಅಕ್ಷರದ ಮುಂದೆ ಇಕಾರ ಬಂದರೆ ನಡುವೆ ಒಂದು ಶಕಾರದ ಛಾಯೆ ನುಸುಳುತ್ತೆ. ಹಾಗೇ ‘ಮ್ಯಾಸ್ತೊ’ (ಪಟ್ಟಣ) ‘ನ್ಯಾಸ್ತೊ’ ಆಗುತ್ತೆ. ಹಾಗಾಗಿ ಪಟ್ಟಣಕ್ಕೆ ಹೋಗೋನು ‘ದೊ ನ್ಯಾಸ್ತಾ’ ಹೋಗ್ತಾನೆ, ಬಿಯರಿಗೆ ಹೋಗೋನು ‘ನಾ ಪ್ಸಿವೊ’ ಹೋಗ್ತಾನೆ. ‘ನಾ’ ಅನ್ನೋ ಆ ಪುಟ್ಟ ಪದ ಗಮನಿಸಿ. ‘ಅದಕ್ಕೋಸ್ಕರ’ ಅಂತ. ಅಣಬೆ ಆರಿಸೋಕೆ, ಮೀನು ಹಿಡಿಯೋಕೆ ಹೋಗೋದಕ್ಕೂ ಇದೇ ‘ನಾ’.

ಪಟ್ಟಣದ ಹೆಸರುಗಳಲ್ಲೂ ಎಚ್ಚರ. ಹಳೇ ದಾಖಲೆಯಲ್ಲಿ ಲಿಕ್ ಅಂತಿದ್ದರೆ ಅದು ಇವತ್ತಿನ ಎವ್ಕ್. ಯೊಹಾನಿಸ್‌ಬುರ್ಗ್ ಇದ್ದರೆ ಪಿಷ್. ಜೆನ್ಸ್‌ಬುರ್ಗ್ ಈಗ ಮ್ರೊಂಗೊವೊ. ಈ ಕೊನೆಯದಕ್ಕೆ 1945ರ ನಂತರ ಹೆಸರಿಟ್ಟದ್ದು ಕ್ರಿಸ್ಟೊಫ್ ಮ್ರೊಂಗೊವ್ಯುಷ್ ನೆನಪಿಗೆ. 1764ರಿಂದ 1855ರವರೆಗೆ ಬದುಕಿದ್ದ ಪಾದ್ರಿ, ನಿಘಂಟು ಮಾಡಿದವರು. ನಿಘಂಟುಕಾರನ ಹೆಸರಿನಲ್ಲಿ ಊರು! ನಮ್ಮ ಚರ್ಚೆಗೆ ಅವರೇ ಸರಿಯಾದ ದೇವರು.

ಕೆರೆಏರಿ

ಎಲ್ಲರೂ ಕಾಲ್ನಡಿಗೆಯಲ್ಲೇ ಇದ್ದೀರಿ. ಗಾಡಿ ಮರೆತಿರಿ.

ಪೋಲಿಷ್‌ನಲ್ಲಿ, ಮಸೂರಿಯನ್‌ನಲ್ಲೂ, ಕಾಲಲ್ಲಿ ಹೋಗೋದು ಬೇರೆ, ಗಾಡಿ, ಕುದುರೆ, ರೈಲು, ಯಾವುದರಲ್ಲಾದರೂ ಹೋಗೋದು ಬೇರೆ. ಅದಕ್ಕೆ ‘ಯೆಹಾಚ್’, ಹಳ್ಳಿಗಳ ಬಾಯಲ್ಲಿ ‘ಯಾಹಾಚ್’. ದೋಣಿಯಾದರೆ ‘ಪ್ವಿನೊಂಚ್’. ಹರಿಯೋದು, ಈಜೋದು, ತೇಲೋದು ಎಲ್ಲ ಅದೇ. ಈಗ ಮಸೂರಿಯಾದಂಥ ಸೀಮೆ ನೆನಪಿಸಿಕೊಳ್ಳಿ, 2000ಕ್ಕಿಂತ ಜಾಸ್ತಿ ಕೆರೆಗಳು, ಅದರಲ್ಲಿ ಶ್ನ್ಯಾರ್ದ್ವಿ ಒಂದೇ ಸುಮಾರು 113 ಚದರ ಕಿಲೋಮೀಟರ್, ಪೋಲೆಂಡಿನಲ್ಲೇ ಅತಿ ದೊಡ್ಡದು. ಅದೇ ಎರಡು ದಡ, ಅದೇ ಮನುಷ್ಯ. ಬೇಸಿಗೆಯಲ್ಲಿ ದೋಣಿಯಲ್ಲಿ ದಾಟಿದರೆ ‘ಪ್ವಿನೊಂಚ್’. ಚಳಿಗಾಲಕ್ಕೆ ನೀರು ಹೆಪ್ಪುಗಟ್ಟಿದ ಮೇಲೆ ಜಾರುಬಂಡಿ ಕಟ್ಟಿಕೊಂಡು ದಾಟಿದರೆ ‘ಯಾಹಾಚ್’. ಕುದುರೆ ಬಿಟ್ಟು ಮಂಜುಗಡ್ಡೆ ಮೇಲೆ ನಡೆದು ದಾಟಿದರೆ ‘ಇಶ್ಚ್’. ದಡ ಸೇರಿ ಊರೊಳಗೆ ಕಾಲಾಡಿಸೋಕೆ ಹೊರಟರೆ ‘ಹೊಜಿಚ್’. ಕನ್ನಡದಲ್ಲಿ ಇಷ್ಟಕ್ಕೂ ‘ಹೋದ’ ಅಂದು ಸುಮ್ಮನಾಗಬಹುದು. ಅವರಿಗೆ ಆ ಸೌಕರ್ಯ ಇಲ್ಲ, ಬಾಯಿ ಬಿಟ್ಟ ಕೂಡಲೇ ಹೇಗೆ ಹೋದ ಅಂತಲೂ ಹೇಳಿಬಿಡಬೇಕು.

ಈ ಗಾಡಿ ಕ್ರಿಯಾಪದಕ್ಕೆ ‘ವಿ’ ಸೇರಿಸಿದರೆ ‘ವಿಯೆಹಾಚ್’, ಹೊರಟು ಹೋಗೋದು. ಮಸೂರಿಯಾದ ಮಟ್ಟಿಗೆ ಇದು ತೂಕದ ಪದ. 1945ರಲ್ಲಿ ಯುದ್ಧ ಬಂದಾಗ ಎಷ್ಟೋ ಜನ ಓಡಿಹೋದರು. ಉಳಿದವರಲ್ಲಿ ತುಂಬ ಜನ 1956ರ ನಂತರ ಪಶ್ಚಿಮ ಜರ್ಮನಿಗೆ ಹೊರಟರು. 1975ರಲ್ಲಿ ಪೋಲೆಂಡ್ ಮತ್ತು ಪಶ್ಚಿಮ ಜರ್ಮನಿ ನಡುವೆ ಆದ ಒಪ್ಪಂದದಲ್ಲಿ ನಾಲ್ಕು ವರ್ಷದೊಳಗೆ ಒಂದು ಲಕ್ಷಕ್ಕೂ ಮೀರಿ ಜನಕ್ಕೆ ಹೋಗೋಕೆ ಅನುಮತಿ ಸಿಕ್ಕಿತು. ಅದರಲ್ಲಿ ಸೈಲೀಷ್ಯಾದವರೂ ಇದ್ದರು, ವಾರ್ಮಿಯಾ, ಮಸೂರಿಯಾದವರೂ ಇದ್ದರು. ಈ ಮಾತು ಆಡುವವರು ಇಷ್ಟು ಕಡಿಮೆಯಾಗಿದ್ದು ಹೀಗೆ. ಅಂಥ ಮನೆಯ ಬಗ್ಗೆ ‘ವಿಯೆಹಾಲಿ’ ಅಂದರೆ ಸಂತೆಗೆ ಹೋದರು ಅಂತಲ್ಲ. ಅವರು ಮತ್ತೆ ಬರಲ್ಲ.

ಸುಮ್ನೆಓದುಗ

‘ಹೋದರು’ ಅನ್ನೋದಕ್ಕೆ ನಮ್ಮಲ್ಲೂ ಆ ತೂಕ ಇದೆ, ಆದರೆ ಅದು ತೀರಿಕೊಂಡವರಿಗೆ. ಪೋಲಿಷ್‌ನಲ್ಲಿ ಸತ್ತವರಿಗೆ ಕಾಲಿನ ಕ್ರಿಯಾಪದವೋ, ಗಾಡಿಯದ್ದೋ?

ಧಾತುಚೀಲ

ಕಾಲಿನದ್ದೇ. ‘ಒದ್‌ಷೆದ್’, ಬಿಟ್ಟು ಹೋದರು. ಇನ್ನೊಂದು ‘ಷ್ಷೆದ್’, ಇಳಿದು ಹೋದರು, ಈ ಲೋಕದಿಂದ ಅಂತ ಮುಂದೆ ಸೇರಿಸಿ ಹೇಳ್ತಾರೆ. ಗಾಡಿ ಹತ್ತಿಸಿ ಕಳಿಸೋ ಮಾತು ಗೌರವಕ್ಕೆ ಬರಲ್ಲ.

ಅಂದಹಾಗೆ ಹಳ್ಳಿ ಮನೆಯ ಅಂಗಳ, ಕೊಟ್ಟಿಗೆ, ಕಣಜ ಎಲ್ಲ ಸೇರಿದ ಆವರಣಕ್ಕೆ ‘ಒಬೆಯ್ಶ್ಚ್ಯೆ’ ಅಂತ ಹೆಸರು. ‘ಸುತ್ತಿ ಬರೋದು’ ಅನ್ನೋ ಕ್ರಿಯಾಪದದಿಂದಲೇ ಹುಟ್ಟಿದ ನಾಮಪದ. ಒಡೆಯ ಬೆಳಗ್ಗೆ ಒಂದು ಸುತ್ತು ಹಾಕೋ ಜಾಗ. ಮೇಲೆ ಹಸುಗಳ ‘ಸುತ್ತ ನಡೆದಾಡೋ’ ಹೆಂಗಸಿನ ವಿಷಯ ಬಂತಲ್ಲ, ಅವಳು ನಡೆದಾಡೋದು ಇದರೊಳಗೇ.

ಎರಡನೇ ಬೆಂಚು

ಕೊನೇ ಪ್ರಶ್ನೆ, ಆಮೇಲೆ ಬಿಡ್ತೀನಿ. ಒಂದು ಕತೆಯಲ್ಲಿ ‘ಕ್ವೊಬುಕ್’ ಬರುತ್ತೆ. ಒದ್ದೆ ಕೋಳಿಯ ವೇಷದಲ್ಲಿ ಮನೆ ಸೇರಿಕೊಳ್ಳೋ ಪುಟ್ಟ ದೆವ್ವ, ಅಕ್ಕಪಕ್ಕದವರಿಂದ ಕದ್ದು ತಂದು ಸಾಕಿದವರನ್ನು ಸಿರಿವಂತರನ್ನಾಗಿ ಮಾಡುತ್ತಂತೆ. ಅದಾದ ಸ್ವಲ್ಪ ಹೊತ್ತಿಗೆ ರಜಾಯಿ ಕೆಳಗೆ ‘ಕಾಸಾ ದೊಸ್ವಾ’ ಅಂತ ಬರುತ್ತೆ. ಪೋಲಿಷ್‌ನಲ್ಲಿ ‘ಕಾಸಾ’ ಅಂದರೆ ದುಡ್ಡು, ನಗದು (ಕನ್ನಡಿಗನಿಗೆ ಕಾಸು ಅಂತ ಬಿಡಿಸಿ ಹೇಳಬೇಕಾ!). ‘ದೊಸ್ವಾ’ ಅಂದರೆ ಬಂದು ತಲುಪಿತು, ಈಗ ಷ ಸ ಲೆಕ್ಕ ನನಗೂ ಬರುತ್ತೆ. ಅಂದರೆ ಕ್ವೊಬುಕ್ ತಂದ ದುಡ್ಡು ರಜಾಯಿ ಕೆಳಗೆ ಬಂದು ಸೇರಿತು. ಸರಿನಾ?

ಧಾತುಚೀಲ

ಷ ಸ ಲೆಕ್ಕವನ್ನು ಕ್ರಿಯಾಪದಕ್ಕೆ ಮಾತ್ರ ಹಾಕಿದಿರಿ. ನಾಮಪದಕ್ಕೂ ಹಾಕಿ. ಪುಸ್ತಕದ ಪೋಲಿಷ್‌ಗೆ ತಿರುಗಿಸಿದರೆ ‘ಕಾಷಾ ದೊಷ್ವಾ’. ಕಾಷಾ ಅಂದರೆ ಧಾನ್ಯದ ನುಚ್ಚು ಬೇಯಿಸಿ ಮಾಡೋ ಅಡುಗೆ. ಅದನ್ನು ಮುಕ್ಕಾಲು ಬೇಯಿಸಿ, ಪಾತ್ರೆಗೆ ಬಟ್ಟೆ ಸುತ್ತಿ, ಪುಕ್ಕದ ರಜಾಯಿಯೊಳಗೆ ಹುದುಗಿಸಿ ಇಡೋ ಪದ್ಧತಿ ಪೋಲೆಂಡಿನಲ್ಲಿ ಹಳೆಯದು. ಒಳಗಿನ ಬಿಸಿಗೇ ಮಿಕ್ಕದ್ದು ಬೇಯುತ್ತೆ. ಹಾಗೆ ಹದಕ್ಕೆ ಬರೋದಕ್ಕೆ ಹೇಳೋದೇ ‘ದೊಹೊಜಿಚ್’. ಬಂದು ಮುಗಿದರೆ ‘ದೊಷ್ವಾ’.

ನುಚ್ಚು ಹದಕ್ಕೆ ಬಂತು. ಊಟಕ್ಕೆ ಏಳಿ ಅಂತ.

ಗೊಣಗೇಶ

ದೆವ್ವ ಸಾಕಿಯೂ ಸಿಕ್ಕಿದ್ದು ನುಚ್ಚೇನಾ?